ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ನಾಯಿ ಮನೆಯೊಳಗೆ ಮಲಮೂತ್ರ ವಿಸರ್ಜಿಸಿದಾಗ ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಮನೆಯಲ್ಲಿ ಸಾಕಿದ ನಾಯಿಯು ಸಾಮಾನ್ಯವಾಗಿ ತಾನು ಮಲಗುವ ಮತ್ತು ಆಹಾರ ಸೇವಿಸುವ ಸ್ಥಳವನ್ನು ಮಲಿನಗೊಳಿಸುವುದಿಲ್ಲ. ಮರಿಯಾಗಿದ್ದಾಗಲೇ ಹೊರಗೆ ಹೋಗುವ ಅಭ್ಯಾಸ ಮಾಡಿಸಿದ ನಾಯಿ, ವರ್ಷಗಟ್ಟಲೆ ಆ ಅಭ್ಯಾಸವನ್ನು ತಪ್ಪದೆ ಪಾಲಿಸುತ್ತದೆ. ಇಂತಹ ನಾಯಿಯು ಕಾಯಿಲೆಯಿಂದ ಎದ್ದ ಮೇಲೆ ನಡುಮನೆಯಲ್ಲಿಯೋ, ಹಾಸಿಗೆಯ ಮೇಲೆಯೋ ಮೂತ್ರ ವಿಸರ್ಜಿಸಿದರೆ ಮನೆಯವರಿಗೆ ಬೇಸರವಾಗುವುದು ಸಹಜ. ಆದರೆ ಇದನ್ನು ನಾಯಿಯ ಮೊಂಡುತನವೆಂದಾಗಲಿ, ಸೇಡಿನ ವರ್ತನೆಯೆಂದಾಗಲಿ ಭಾವಿಸುವುದು ಸರಿಯಲ್ಲ. ಬಹುತೇಕ ಸಂದರ್ಭಗಳಲ್ಲಿ ಇದು ಉಳಿದುಕೊಂಡಿರುವ ಕಾಯಿಲೆಯ, ನೀಡಲಾಗುತ್ತಿರುವ ಔಷಧದ ಅಥವಾ ದೇಹದ ನಿಶ್ಶಕ್ತಿಯ ಲಕ್ಷಣವಾಗಿರುತ್ತದೆ.

ಈ ವ್ಯತ್ಯಾಸವನ್ನು ಅರಿಯದೆ ನಾಯಿಯನ್ನು ಹೊಡೆಯುವುದು, ಕುಡಿಯುವ ನೀರನ್ನು ತೆಗೆದಿಡುವುದು, ಮಳೆ ಚಳಿಯಲ್ಲಿ ಹೊರಗೆ ಕಟ್ಟುವುದು ಅಥವಾ ಬೀದಿಗೆ ಬಿಡುವುದು ಕಂಡುಬರುತ್ತದೆ. ಇದರಿಂದ ಗುಣವಾಗುತ್ತಿದ್ದ ನಾಯಿಯ ಪ್ರಾಣಕ್ಕೆ ಅಪಾಯವಾಗಬಹುದು. ಇನ್ನೊಂದೆಡೆ, ಕೆಲವು ಕಾಯಿಲೆಗಳಲ್ಲಿ ನಾಯಿಯ ಮೂತ್ರದ ಮೂಲಕ ಮನೆಯವರಿಗೂ ಸೋಂಕು ತಗಲುವ ಸಾಧ್ಯತೆ ಇದ್ದು, ಅದನ್ನು ಬರಿಗೈಯಲ್ಲಿ ಒರೆಸುವುದು ಸುರಕ್ಷಿತವಲ್ಲ. ಆದ್ದರಿಂದ ಶ್ವಾನ ಮಾಲೀಕರು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಅಭ್ಯಾಸ ತಪ್ಪಲು ಮುಖ್ಯ ಕಾರಣಗಳು

ಅ) ಔಷಧಗಳ ಪರಿಣಾಮ: ಪ್ರೆಡ್ನಿಸೊಲೋನ್ ಮುಂತಾದ ಸ್ಟೀರಾಯ್ಡ್ ಔಷಧಗಳನ್ನು ಚರ್ಮದ ಅಲರ್ಜಿ, ರೋಗನಿರೋಧಕ ವ್ಯವಸ್ಥೆಯ ತೊಂದರೆ ಮೊದಲಾದವುಗಳಿಗೆ ನೀಡಲಾಗುತ್ತದೆ. ಇವು ನಾಯಿಯ ಬಾಯಾರಿಕೆಯನ್ನೂ ಮೂತ್ರದ ಪ್ರಮಾಣವನ್ನೂ ಗಣನೀಯವಾಗಿ ಹೆಚ್ಚಿಸುತ್ತವೆ. ಹೃದಯದ ಕಾಯಿಲೆಗೆ ನೀಡುವ ಫ್ಯುರೊಸೆಮೈಡ್, ಮೂರ್ಛೆರೋಗಕ್ಕೆ ನೀಡುವ ಫಿನೋಬಾರ್ಬಿಟಾಲ್ ಔಷಧಗಳೂ ಇದೇ ಪರಿಣಾಮವನ್ನು ಉಂಟುಮಾಡುತ್ತವೆ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಗ್ಲೂಕೋಸ್ ಅಥವಾ ಸಲೈನ್ ಪಡೆದ ನಾಯಿ ಅದೇ ದಿನ ಹಲವು ಬಾರಿ ಮೂತ್ರ ವಿಸರ್ಜಿಸುವುದು ಸಹಜ.

ಆ) ಮೂತ್ರಕೋಶದ ಸೋಂಕು: ನಾಯಿ ಪದೇ ಪದೇ ಕುಳಿತು ಸ್ವಲ್ಪ ಸ್ವಲ್ಪವೇ ಮೂತ್ರ ವಿಸರ್ಜಿಸುತ್ತದೆ. ಮೂತ್ರದಲ್ಲಿ ರಕ್ತ ಕಾಣಿಸಬಹುದು, ದುರ್ವಾಸನೆ ಇರಬಹುದು. ಹಲವು ದಿನ ಮಲಗಿದ್ದ ನಾಯಿಗಳಲ್ಲಿ ಹಾಗೂ ಹೆಣ್ಣು ನಾಯಿಗಳಲ್ಲಿ ಇದರ ಸಾಧ್ಯತೆ ಹೆಚ್ಚು.

ಇ) ಕರುಳಿನ ತೊಂದರೆ: ಪಾರ್ವೋ ವೈರಾಣುವಿನಿಂದ ಉಂಟಾಗುವ ರಕ್ತಭೇದಿಯಿಂದ ಬದುಕುಳಿದ ಮರಿಗಳ ಕರುಳಿನ ಒಳಪದರ ಮತ್ತೆ ಬೆಳೆಯಲು ಕಾಲಾವಕಾಶ ಬೇಕಾಗುತ್ತದೆ. ಅಲ್ಲಿಯವರೆಗೆ ಮಲ ತೆಳುವಾಗಿದ್ದು, ಬಾಗಿಲಿನವರೆಗೆ ಹೋಗುವಷ್ಟು ಹೊತ್ತು ತಡೆದುಕೊಳ್ಳಲು ಮರಿಗೆ ಆಗುವುದಿಲ್ಲ. ಪ್ರತಿಜೀವಕ ಔಷಧಗಳಿಂದಲೂ ಕೆಲವೊಮ್ಮೆ ಭೇದಿಯಾಗುತ್ತದೆ.

ಈ) ನಿಶ್ಶಕ್ತಿ ಮತ್ತು ನೋವು: ಉಣ್ಣೆಗಳಿಂದ ಹರಡುವ ಎರ್ಲಿಕಿಯಾ ಜ್ವರ, ಶಸ್ತ್ರಚಿಕಿತ್ಸೆ, ಮೂಳೆ ಮುರಿತ ಮುಂತಾದವುಗಳ ನಂತರ ನಾಯಿಗೆ ಹೊರಗೆ ಹೋಗಬೇಕೆಂಬ ಅರಿವು ಇದ್ದರೂ ಎದ್ದು ಮೆಟ್ಟಿಲು ಇಳಿಯುವ ಶಕ್ತಿ ಇರುವುದಿಲ್ಲ.

ಉ) ನರಗಳ ತೊಂದರೆ: ಡಿಸ್ಟೆಂಪರ್ ರೋಗದ ನಂತರ ಅಥವಾ ಬೆನ್ನುಹುರಿಗೆ ಪೆಟ್ಟಾದಾಗ ಮಲಮೂತ್ರದ ಮೇಲಿನ ಹಿಡಿತ ತಪ್ಪಬಹುದು. ಇಂತಹ ನಾಯಿಗೆ ಮೂತ್ರ ಹೋದದ್ದೇ ತಿಳಿಯುವುದಿಲ್ಲ.

ಊ) ಹಳೆಯ ಅಭ್ಯಾಸದ ಮರೆವು: ಆಸ್ಪತ್ರೆಯಲ್ಲಿ ಪಂಜರದೊಳಗೆ ಅಥವಾ ಮನೆಯ ಒಂದೇ ಕೋಣೆಯಲ್ಲಿ ಹಲವು ದಿನ ಕಳೆದ ನಾಯಿ, ಅಲ್ಲಿಯೇ ವಿಸರ್ಜಿಸುವುದನ್ನು ರೂಢಿಸಿಕೊಂಡಿರಬಹುದು. ಇತರ ಎಲ್ಲಾ ಕಾರಣಗಳನ್ನು ಪರಿಶೀಲಿಸಿದ ನಂತರವೇ ಈ ತೀರ್ಮಾನಕ್ಕೆ ಬರತಕ್ಕದ್ದು.

2. ಮೊದಲು ಗಮನಿಸಬೇಕಾದ ಅಂಶಗಳು

ಮಾಲೀಕರು ಒಂದು ಪುಸ್ತಕದಲ್ಲಿ ದಿನಾಂಕ, ವೇಳೆ, ಸ್ಥಳ, ಪ್ರಮಾಣ ಮತ್ತು ಬಣ್ಣವನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ಎರಡು ಮೂರು ದಿನಗಳ ಇಂತಹ ದಾಖಲೆಯಿಂದಲೇ ಪಶುವೈದ್ಯರಿಗೆ ಕಾರಣದ ಸುಳಿವು ದೊರೆಯುತ್ತದೆ.

• ಪ್ರತಿ ಬಾರಿಯೂ ಹೆಚ್ಚು ಪ್ರಮಾಣದ, ನೀರಿನಂತಹ ಮೂತ್ರ: ಔಷಧದ ಪರಿಣಾಮ, ಮೂತ್ರಪಿಂಡದ ತೊಂದರೆ ಅಥವಾ ಮಧುಮೇಹವನ್ನು ಸೂಚಿಸಬಹುದು.
• ಪದೇ ಪದೇ, ಸ್ವಲ್ಪ ಸ್ವಲ್ಪವೇ, ತಿಣುಕುತ್ತಾ ಮಾಡುವುದು: ಮೂತ್ರಕೋಶದ ಸೋಂಕು ಅಥವಾ ಕಲ್ಲನ್ನು ಸೂಚಿಸಬಹುದು.
• ನಿದ್ರೆಯಲ್ಲಿ ಹಾಸಿಗೆ ಒದ್ದೆಯಾಗುವುದು, ನಡೆಯುವಾಗ ತೊಟ್ಟಿಕ್ಕುವುದು: ಮೂತ್ರದ ಹಿಡಿತ ತಪ್ಪಿರುವುದನ್ನು ಸೂಚಿಸುತ್ತದೆ.
• ಬಾಗಿಲ ಬಳಿಯೇ ಆಗುವುದು: ನಾಯಿ ಹೊರಗೆ ಹೋಗಲು ಪ್ರಯತ್ನಿಸಿದೆ, ಆದರೆ ಸಕಾಲದಲ್ಲಿ ಬಾಗಿಲು ತೆರೆದಿಲ್ಲ ಎಂದು ತಿಳಿಯಬಹುದು.

ಕುಡಿಯುವ ನೀರನ್ನು ಅಳೆಯುವುದು ಇನ್ನೊಂದು ಸರಳ ಪರೀಕ್ಷೆ. ಆರೋಗ್ಯವಂತ ನಾಯಿ ದಿನವೊಂದಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ ಸಾಮಾನ್ಯವಾಗಿ 50 ರಿಂದ 60 ಮಿ.ಲೀ. ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಮತ್ತು ಒಣ ಆಹಾರ ಸೇವಿಸುವಾಗ ಸ್ವಲ್ಪ ಹೆಚ್ಚಾಗಬಹುದು. ಪ್ರತಿ ಕೆ.ಜಿ.ಗೆ 100 ಮಿ.ಲೀ. ಮೀರಿದರೆ ಅದನ್ನು ಅತಿಯಾದ ಬಾಯಾರಿಕೆ ಎಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ, 12 ಕೆ.ಜಿ. ತೂಕದ ನಾಯಿಗೆ ಬೆಳಿಗ್ಗೆ 2 ಲೀಟರ್ ನೀರು ಅಳೆದು ಇಟ್ಟು, ಮರುದಿನ ಅದೇ ವೇಳೆಗೆ 500 ಮಿ.ಲೀ. ಉಳಿದಿದ್ದಲ್ಲಿ, ಅದು 1,500 ಮಿ.ಲೀ. ಕುಡಿದಂತಾಯಿತು. ಅಂದರೆ ಪ್ರತಿ ಕೆ.ಜಿ.ಗೆ 125 ಮಿ.ಲೀ. ಈ ಅಂಶವನ್ನು ಪಶುವೈದ್ಯರ ಗಮನಕ್ಕೆ ತರುವುದು ಅವಶ್ಯಕ. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಅಳತೆಯ ದಿನ ಅವುಗಳಿಗೆ ಪ್ರತ್ಯೇಕ ಪಾತ್ರೆ ಇಡತಕ್ಕದ್ದು.

3. ನೀರನ್ನೂ ಔಷಧವನ್ನೂ ನಿಲ್ಲಿಸಬಾರದು

ಮೂತ್ರ ಹೆಚ್ಚಾಗಿದೆಯೆಂದು ನೀರನ್ನು ಕಡಿಮೆ ಮಾಡುವುದು ಮಾಲೀಕರು ಮಾಡುವ ಅತ್ಯಂತ ಅಪಾಯಕಾರಿ ತಪ್ಪು. ಮೂತ್ರಪಿಂಡದ ತೊಂದರೆ, ಮಧುಮೇಹ ಅಥವಾ ಸ್ಟೀರಾಯ್ಡ್ ಪ್ರಭಾವ ಇರುವ ನಾಯಿಯಲ್ಲಿ ದೇಹದಿಂದ ನೀರು ಹೊರಹೋಗುವುದರಿಂದಲೇ ಬಾಯಾರಿಕೆ ಹೆಚ್ಚಾಗಿರುತ್ತದೆ. ನೀರು ಸಿಗದಿದ್ದರೂ ಮೂತ್ರ ನಿಲ್ಲುವುದಿಲ್ಲ. ಬದಲಾಗಿ ದೇಹ ನಿರ್ಜಲೀಕರಣಗೊಂಡು ಒಂದೆರಡು ದಿನಗಳಲ್ಲಿಯೇ ಸ್ಥಿತಿ ಗಂಭೀರವಾಗಬಹುದು. ಶುದ್ಧವಾದ ಕುಡಿಯುವ ನೀರು ಹಗಲೂ ರಾತ್ರಿಯೂ ನಾಯಿಗೆ ದೊರೆಯುವಂತಿರಬೇಕು.

ಅದೇ ರೀತಿ ಸ್ಟೀರಾಯ್ಡ್ ಮಾತ್ರೆಗಳನ್ನು ಮಾಲೀಕರು ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು. ಕೆಲವು ವಾರಗಳ ಕಾಲ ಈ ಔಷಧ ಪಡೆದ ನಾಯಿಯ ದೇಹವು ಸ್ವಾಭಾವಿಕ ಹಾರ್ಮೋನನ್ನು ಉತ್ಪಾದಿಸುವುದನ್ನು ಕಡಿಮೆ ಮಾಡಿರುತ್ತದೆ. ಪಶುವೈದ್ಯರು ಪ್ರಮಾಣವನ್ನು ಹಂತ ಹಂತವಾಗಿ ಇಳಿಸುತ್ತಾರೆ. ಪ್ರಮಾಣ ಇಳಿದಂತೆ ಬಾಯಾರಿಕೆಯೂ ಮೂತ್ರವೂ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಬರುತ್ತವೆ. ಅಲ್ಲಿಯವರೆಗೆ ನಾಯಿಯನ್ನು ಹೆಚ್ಚು ಬಾರಿ ಹೊರಗೆ ಕರೆದೊಯ್ಯುವುದೇ ಪರಿಹಾರ. ದಿನಕ್ಕೊಮ್ಮೆ ನೀಡುವ ಮಾತ್ರೆಯನ್ನು ರಾತ್ರಿಯ ಬದಲು ಬೆಳಿಗ್ಗೆ ನೀಡಬಹುದೇ ಎಂಬುದನ್ನು ಪಶುವೈದ್ಯರಲ್ಲಿ ವಿಚಾರಿಸಬಹುದು.

4. ನೆಲ ಮತ್ತು ಹಾಸಿಗೆಯನ್ನು ಶುಚಿಗೊಳಿಸುವ ಕ್ರಮ

ಮನುಷ್ಯರ ಮೂಗಿಗೆ ವಾಸನೆ ಹೋದಂತೆ ತೋರಿದರೂ ನಾಯಿಯ ಮೂಗಿಗೆ ಅದು ಉಳಿದೇ ಇರುತ್ತದೆ. ವಾಸನೆ ಉಳಿದ ಜಾಗವನ್ನು ನಾಯಿ ಮತ್ತೆ ಮತ್ತೆ ಬಳಸುತ್ತದೆ. ಆದುದರಿಂದ ಶುಚಿಗೊಳಿಸುವ ಕೆಲಸವು ಮರುಅಭ್ಯಾಸದ ಮೊದಲ ಹೆಜ್ಜೆಯಾಗಿರುತ್ತದೆ.

• ಕೈಗೆ ರಬ್ಬರ್ ಕೈಗವಸು ಧರಿಸಿ, ಹಳೆಯ ಬಟ್ಟೆ ಅಥವಾ ಕಾಗದದಿಂದ ಮೂತ್ರವನ್ನು ಒತ್ತಿ ಹೀರಿಸಬೇಕು. ಉಜ್ಜಿ ಹರಡಬಾರದು.
• ನಂತರ ತಣ್ಣೀರು ಮತ್ತು ಸೋಪಿನ ಪುಡಿಯಿಂದ ತೊಳೆದು ಒಣಗಿಸಬೇಕು.
• ವಾಸನೆ ಉಳಿದಲ್ಲಿ ಸಾಕುಪ್ರಾಣಿಗಳ ಮಳಿಗೆಗಳಲ್ಲಿ ದೊರೆಯುವ ಕಿಣ್ವಯುಕ್ತ ದ್ರಾವಣ ಬಳಸಬಹುದು. ಇಲ್ಲವೇ ಒಂದು ಭಾಗ ವಿನೆಗರ್‌ಗೆ ಒಂದು ಭಾಗ ನೀರು ಬೆರೆಸಿ ಒರೆಸಬಹುದು. ಅಮೃತಶಿಲೆಯ ನೆಲಕ್ಕೆ ವಿನೆಗರ್ ಬಳಸಿದರೆ ಹೊಳಪು ಹೋಗುತ್ತದೆ.
• ಮಣ್ಣಿನ ನೆಲದಲ್ಲಿ ಒದ್ದೆಯಾದ ಮೇಲ್ಮಣ್ಣನ್ನು ಕೆರೆದು ತೆಗೆದು ಹೊಸ ಮಣ್ಣು ಹಾಕುವುದು ಉತ್ತಮ.
• ಅಮೋನಿಯಾ ಇರುವ ದ್ರಾವಣಗಳನ್ನು ಬಳಸಬಾರದು. ಅದರ ವಾಸನೆ ಮೂತ್ರದ ವಾಸನೆಯನ್ನೇ ಹೋಲುವುದರಿಂದ ನಾಯಿ ಮತ್ತೆ ಅಲ್ಲಿಗೇ ಬರುವ ಸಾಧ್ಯತೆ ಇದೆ.
• ಫಿನಾಯಿಲ್ ಹಾಕಿದ ನೆಲ ಪೂರ್ಣ ಒಣಗುವವರೆಗೆ ನಾಯಿಯನ್ನು ಬಿಡಬಾರದು. ಅದು ಪಾದಕ್ಕೆ ತಗುಲಿದರೆ ಉರಿಯಾಗುತ್ತದೆ, ನೆಕ್ಕಿದರೆ ವಿಷವಾಗಬಹುದು.
• ಹಾಸಿಗೆಗೆ ಹತ್ತಿಯ ಹಳೆಯ ಸೀರೆ, ಪಂಚೆ ಅಥವಾ ಶುಚಿಯಾದ ಗೋಣಿಚೀಲ ಬಳಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕುವುದರಿಂದ ಬದಲಾಯಿಸಲು ಸುಲಭವಾಗುತ್ತದೆ. ತೊಳೆದ ಬಟ್ಟೆಗಳನ್ನು ಬಿಸಿಲಿನಲ್ಲಿ ಒಣಗಿಸತಕ್ಕದ್ದು.

5. ಸೋಂಕು ಹರಡುವ ಕಾಯಿಲೆಗಳಲ್ಲಿ ವಿಶೇಷ ಎಚ್ಚರಿಕೆ

ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್): ಮಳೆಗಾಲದಲ್ಲಿ ಇಲಿಗಳ ಮೂತ್ರದಿಂದ ಕಲುಷಿತವಾದ ನೀರು, ಕೆಸರು ಮತ್ತು ಆಹಾರದ ಮೂಲಕ ಈ ರೋಗ ನಾಯಿಗಳಿಗೆ ಬರುತ್ತದೆ. ಮೂತ್ರಪಿಂಡ ಮತ್ತು ಯಕೃತ್ತು ಇದರಿಂದ ಹಾನಿಗೊಳ್ಳುತ್ತವೆ. ಇದು ಮನುಷ್ಯರಿಗೂ ಹರಡುವ ರೋಗ. ಸರಿಯಾದ ಚಿಕಿತ್ಸೆ ದೊರೆಯದ ನಾಯಿ ಮೇಲ್ನೋಟಕ್ಕೆ ಗುಣವಾದಂತೆ ಕಂಡರೂ ಅದರ ಮೂತ್ರದಲ್ಲಿ ರೋಗಾಣುಗಳು ವಾರಗಳವರೆಗೆ, ಕೆಲವೊಮ್ಮೆ ತಿಂಗಳುಗಳವರೆಗೆ ಹೊರಬರಬಹುದು. ಚರ್ಮದ ಗಾಯ, ಬಿರುಕು, ಕಣ್ಣು, ಮೂಗು ಮತ್ತು ಬಾಯಿಯ ಮೂಲಕ ಅವು ಮನುಷ್ಯರ ದೇಹವನ್ನು ಪ್ರವೇಶಿಸುತ್ತವೆ.

ಈ ಕಾರಣದಿಂದ ಇಲಿ ಜ್ವರದಿಂದ ಚೇತರಿಸಿಕೊಳ್ಳುತ್ತಿರುವ ನಾಯಿಯ ಮೂತ್ರವನ್ನು ಕೈಗವಸು ಮತ್ತು ಚಪ್ಪಲಿ ಧರಿಸಿಯೇ ಶುಚಿಗೊಳಿಸಬೇಕು. ಮೂತ್ರವನ್ನು ಹೀರಿಸಿ ನೀರಿನಿಂದ ತೊಳೆದ ನಂತರ, ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಹತ್ತು ಭಾಗ ನೀರು ಬೆರೆಸಿ ಆ ಜಾಗವನ್ನು ಒರೆಸಬೇಕು. ನೀರನ್ನು ರಭಸದಿಂದ ಎರಚಿ ಸಿಡಿಸಬಾರದು. ಗರ್ಭಿಣಿಯರು, ಚಿಕ್ಕ ಮಕ್ಕಳು ಹಾಗೂ ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸ ಮಾಡಬಾರದು. ಪಶುವೈದ್ಯರು ಸೂಚಿಸಿದ ಡಾಕ್ಸಿಸೈಕ್ಲಿನ್ ಚಿಕಿತ್ಸೆಯನ್ನು ನಾಯಿ ಲವಲವಿಕೆಯಿಂದ ಇದ್ದರೂ ಪೂರ್ಣ ಅವಧಿಗೆ ನೀಡಬೇಕು. ಮೂತ್ರಪಿಂಡದಲ್ಲಿ ಅಡಗಿರುವ ರೋಗಾಣುಗಳನ್ನು ನಿವಾರಿಸುವುದು ಈ ಔಷಧದ ಉದ್ದೇಶವಾಗಿದೆ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಮೀನಖಂಡಗಳ ತೀವ್ರ ನೋವು, ಕಣ್ಣು ಕೆಂಪಾಗುವುದು ಅಥವಾ ಕಾಮಾಲೆ ಕಂಡುಬಂದಲ್ಲಿ ತಕ್ಷಣ ವೈದ್ಯರನ್ನು ಕಂಡು, ಮನೆಯ ನಾಯಿಗೆ ಇಲಿ ಜ್ವರ ಇದ್ದುದನ್ನು ತಪ್ಪದೆ ತಿಳಿಸತಕ್ಕದ್ದು.

ಪಾರ್ವೋ: ಈ ರೋಗ ಮನುಷ್ಯರಿಗೆ ಹರಡುವುದಿಲ್ಲ. ಆದರೆ ಗುಣವಾದ ಮರಿಯ ಮಲದಲ್ಲಿ ವೈರಾಣು ಮತ್ತೂ ಕೆಲವು ದಿನ ಹೊರಬರುತ್ತಿರುತ್ತದೆ. ನೆರಳಿರುವ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಅನೇಕ ಸಾಮಾನ್ಯ ನೆಲ ಒರೆಸುವ ದ್ರಾವಣಗಳಿಂದ ಅದು ನಾಶವಾಗುವುದಿಲ್ಲ. ಮಲವನ್ನು ಪೂರ್ಣವಾಗಿ ತೆಗೆದು ಸೋಪಿನಿಂದ ತೊಳೆದ ನಂತರ, ಶೇ. 5ರ ಬ್ಲೀಚ್ ದ್ರಾವಣ ಒಂದು ಭಾಗಕ್ಕೆ 30 ಭಾಗ ನೀರು ಬೆರೆಸಿ, ನೆಲ ಕನಿಷ್ಠ 10 ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು. ಚೇತರಿಸಿಕೊಂಡ ಮರಿಯನ್ನು ಕನಿಷ್ಠ ಎರಡು ವಾರ, ಲಸಿಕೆ ಪೂರ್ಣಗೊಳ್ಳದ ಇತರ ಮರಿಗಳಿಂದ ದೂರ ಇಡುವುದು ಮಾಲೀಕರ ಜವಾಬ್ದಾರಿ. ಬೇರೆ ನಾಯಿಗಳು ಓಡಾಡುವ ರಸ್ತೆ ಬದಿಯಲ್ಲಿ ಅಥವಾ ಉದ್ಯಾನದಲ್ಲಿ ಈ ಅವಧಿಯಲ್ಲಿ ಮಲವಿಸರ್ಜನೆಗೆ ಬಿಡಬಾರದು.

ಎಚ್ಚರಿಕೆ: ಬ್ಲೀಚ್ ಅನ್ನು ಶೌಚಾಲಯ ತೊಳೆಯುವ ಆಸಿಡ್, ವಿನೆಗರ್ ಅಥವಾ ಅಮೋನಿಯಾದೊಂದಿಗೆ ಎಂದಿಗೂ ಬೆರೆಸಬಾರದು. ವಿಷಾನಿಲ ಉತ್ಪತ್ತಿಯಾಗುತ್ತದೆ. ಮೂತ್ರದಲ್ಲಿಯೂ ಅಮೋನಿಯಾದ ಅಂಶ ಇರುವುದರಿಂದ ಮೊದಲು ನೀರಿನಿಂದ ತೊಳೆದ ನಂತರವೇ ಬ್ಲೀಚ್ ಬಳಸಬೇಕು. ಆ ವೇಳೆ ಕಿಟಕಿ ಬಾಗಿಲುಗಳು ತೆರೆದಿರಲಿ.

6. ಮತ್ತೆ ಅಭ್ಯಾಸ ಮಾಡಿಸುವ ವಿಧಾನ

ಪಶುವೈದ್ಯರು ಕಾರಣವನ್ನು ಗುರುತಿಸಿ ಚಿಕಿತ್ಸೆ ಆರಂಭಿಸಿದ ನಂತರ, ನಾಯಿಯನ್ನು ಮರಿಯೆಂದೇ ಭಾವಿಸಿ ಮೊದಲಿನಿಂದ ಅಭ್ಯಾಸ ಮಾಡಿಸಬೇಕು. ಹಿಂದೆ ಕಲಿತ ನಾಯಿ ಸಾಮಾನ್ಯವಾಗಿ ಹೊಸ ಮರಿಗಿಂತ ಬೇಗ ದಾರಿಗೆ ಬರುತ್ತದೆ.

ಅ) ಬೆಳಿಗ್ಗೆ ಎದ್ದ ಕೂಡಲೇ, ಪ್ರತಿ ಊಟದ ನಂತರ 15 ರಿಂದ 30 ನಿಮಿಷದೊಳಗೆ, ಹಗಲು ನಿದ್ರೆಯಿಂದ ಎದ್ದಾಗ ಮತ್ತು ರಾತ್ರಿ ಮಲಗುವ ಮುನ್ನ ಹೊರಗೆ ಕರೆದೊಯ್ಯಬೇಕು. ಆರಂಭದ ದಿನಗಳಲ್ಲಿ ಹಗಲಿನಲ್ಲಿ ಪ್ರತಿ 2 ಗಂಟೆಗೊಮ್ಮೆ ಅವಕಾಶ ನೀಡುವುದು ಒಳ್ಳೆಯದು. ಸ್ಟೀರಾಯ್ಡ್ ಪಡೆಯುತ್ತಿರುವ ನಾಯಿಗೆ ರಾತ್ರಿಯೂ ಒಮ್ಮೆ ಎಬ್ಬಿಸಿ ಕರೆದೊಯ್ಯುವುದು ಅಗತ್ಯವಾಗಬಹುದು.

ಆ) ಸರಪಳಿ ಅಥವಾ ಹಗ್ಗ ಹಿಡಿದು ಪ್ರತಿ ಬಾರಿಯೂ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ವಿಸರ್ಜಿಸಿದ ಕೂಡಲೇ, ಅಲ್ಲಿಯೇ, ಮೈದಡವಿ ಹೊಗಳಬೇಕು ಅಥವಾ ಪಥ್ಯಕ್ಕೆ ಹೊಂದುವ ಸಣ್ಣ ತಿನಿಸು ನೀಡಬೇಕು. ಮನೆಯೊಳಗೆ ಬಂದ ಮೇಲೆ ನೀಡಿದ ತಿನಿಸಿಗೂ ಹೊರಗೆ ಮಾಡಿದ ಕೆಲಸಕ್ಕೂ ಇರುವ ಸಂಬಂಧ ನಾಯಿಗೆ ತಿಳಿಯುವುದಿಲ್ಲ.

ಇ) ಆಹಾರವನ್ನು ನಿಗದಿತ ವೇಳೆಯಲ್ಲಿ ನೀಡಬೇಕು. ಆಹಾರದ ವೇಳೆ ನಿಶ್ಚಿತವಾದರೆ ಮಲವಿಸರ್ಜನೆಯ ವೇಳೆಯೂ ನಿಶ್ಚಿತವಾಗುತ್ತದೆ. ಭೇದಿಯಿಂದ ಚೇತರಿಸಿಕೊಳ್ಳುವಾಗ ಪಶುವೈದ್ಯರು ಸೂಚಿಸಿದಂತೆ ಮೆತ್ತಗೆ ಬೆಂದ ಅನ್ನ, ಉಪ್ಪು ಖಾರವಿಲ್ಲದ ಬೇಯಿಸಿದ ಕೋಳಿಮಾಂಸ ಮುಂತಾದ ಸುಲಭವಾಗಿ ಜೀರ್ಣವಾಗುವ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ನೀಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆರೆಸಬಾರದು.

ಈ) ಮನೆಯವರ ಗಮನ ಇಲ್ಲದ ವೇಳೆಯಲ್ಲಿ ನಾಯಿಯನ್ನು ಸುಲಭವಾಗಿ ತೊಳೆಯಬಹುದಾದ ಪಡಸಾಲೆ ಅಥವಾ ವರಾಂಡದಂತಹ ಗಾಳಿ ಬೆಳಕಿನ ಜಾಗದಲ್ಲಿ ಇರಿಸಬಹುದು. ಸ್ನಾನದ ಮನೆಯಲ್ಲಿ ಕೂಡಿಹಾಕುವುದು ಸರಿಯಲ್ಲ. ಬಹುಮಹಡಿ ವಸತಿಗಳಲ್ಲಿ, ಲಿಫ್ಟ್ ಬರುವವರೆಗೆ ತಡೆದುಕೊಳ್ಳಲಾಗದ ನಾಯಿಗೆ ಬಾಲ್ಕನಿಯಲ್ಲಿ ದಿನಪತ್ರಿಕೆ ಹಾಸಿದ ತಟ್ಟೆಯನ್ನು ತಾತ್ಕಾಲಿಕವಾಗಿ ಒದಗಿಸಬಹುದು. ಚೇತರಿಸಿಕೊಂಡಂತೆ ಅದನ್ನು ನಿಲ್ಲಿಸಿ ಹೊರಗಿನ ಅಭ್ಯಾಸಕ್ಕೆ ತರಬೇಕು.

ಉ) ನಾಯಿ ಮನೆಯೊಳಗೆ ಕುಳಿತದ್ದು ಕಂಡರೆ, ಗದರದೆ ಹೆಸರು ಹಿಡಿದು ಕರೆದು ಹೊರಗೆ ಕರೆದೊಯ್ಯಬೇಕು. ಆಗಿಹೋದ ನಂತರ ಕಂಡುಬಂದರೆ ಮೌನವಾಗಿ ಶುಚಿಗೊಳಿಸುವುದೊಂದೇ ಕೆಲಸ.

7. ಎದ್ದು ನಡೆಯಲಾಗದ ನಾಯಿಯ ಆರೈಕೆ

ಹಿಂಗಾಲಿನಲ್ಲಿ ಬಲವಿಲ್ಲದ ನಾಯಿಯ ಹೊಟ್ಟೆಯ ಕೆಳಗೆ ಅಗಲವಾದ ಟವೆಲ್ ಹಾಯಿಸಿ, ಅದನ್ನು ಆಧಾರವಾಗಿ ಹಿಡಿದು ನಿಲ್ಲಿಸಿ ವಿಸರ್ಜನೆಗೆ ಅನುಕೂಲ ಮಾಡಿಕೊಡಬಹುದು. ನಯವಾದ ನೆಲದಲ್ಲಿ ಕಾಲು ಜಾರದಂತೆ ಚಾಪೆ ಹಾಸಬೇಕು. ಮೂತ್ರದಲ್ಲಿಯೇ ಮಲಗಿದ ನಾಯಿಯ ತೊಡೆ ಮತ್ತು ಹೊಟ್ಟೆಯ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಅಂತಹ ಹುಣ್ಣಿಗೆ ನೊಣಗಳು ಮುತ್ತಿ ಹುಳು ಬೀಳುವ ಅಪಾಯ ಇದೆ. ಆದುದರಿಂದ ಒದ್ದೆಯಾದ ಕೂಡಲೇ ಉಗುರುಬೆಚ್ಚಗಿನ ನೀರಿನಿಂದ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಆ ಭಾಗದ ಉದ್ದ ಕೂದಲನ್ನು ಕತ್ತರಿಸಬೇಕು ಮತ್ತು ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು. ಮಕ್ಕಳಿಗೆ ಹಚ್ಚುವ ಸತುವಿನ ಅಂಶದ ಮುಲಾಮುಗಳನ್ನು ಹಚ್ಚಬಾರದು. ನಾಯಿ ಅದನ್ನು ನೆಕ್ಕಿದಲ್ಲಿ ವಿಷವಾಗುತ್ತದೆ. ಮೂತ್ರಕೋಶವನ್ನು ಕೈಯಿಂದ ಒತ್ತಿ ಖಾಲಿ ಮಾಡುವ ವಿಧಾನವನ್ನು ಪಶುವೈದ್ಯರಿಂದ ಪ್ರತ್ಯಕ್ಷವಾಗಿ ಕಲಿಯದೆ ಮಾಡಬಾರದು.

8. ಶಿಕ್ಷೆ ಏಕೆ ಕೂಡದು

ಮೂಗನ್ನು ಮೂತ್ರಕ್ಕೆ ಉಜ್ಜುವುದು, ಹೊಡೆಯುವುದು ಮುಂತಾದ ಕ್ರಮಗಳಿಂದ ನಾಯಿ ಹೊರಗೆ ಹೋಗಲು ಕಲಿಯುವುದಿಲ್ಲ. ಮನೆಯವರ ಎದುರಿಗೆ ವಿಸರ್ಜಿಸುವುದೇ ಅಪಾಯವೆಂದು ಕಲಿಯುತ್ತದೆ. ಅನಂತರ ಅದು ಮಂಚದ ಕೆಳಗೆ, ಬಾಗಿಲ ಹಿಂದೆ ಅಡಗಿ ವಿಸರ್ಜಿಸುತ್ತದೆ. ಹೊರಗೆ ಕರೆದೊಯ್ದಾಗಲೂ ಮಾಲೀಕರ ಮುಂದೆ ಮಾಡಲು ಹಿಂಜರಿಯುತ್ತದೆ. ಮೂತ್ರದ ಪ್ರಮಾಣ, ಬಣ್ಣ ಗಮನಿಸುವ ಅವಕಾಶವೂ ಇದರಿಂದ ತಪ್ಪಿ, ಮರುಕಳಿಸಿದ ಕಾಯಿಲೆ ತಡವಾಗಿ ಗೊತ್ತಾಗುತ್ತದೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 3ನೇ ಪ್ರಕರಣದ ಪ್ರಕಾರ ಪ್ರಾಣಿಯ ಯೋಗಕ್ಷೇಮ ನೋಡಿಕೊಳ್ಳುವುದು ಅದರ ಪಾಲನೆಯ ಹೊಣೆ ಹೊತ್ತವರ ಕರ್ತವ್ಯವಾಗಿರುತ್ತದೆ. ಅದೇ ಅಧಿನಿಯಮದ 11ನೇ ಪ್ರಕರಣದಡಿ ಪ್ರಾಣಿಯನ್ನು ಹೊಡೆದು ಹಿಂಸಿಸುವುದು, ಸಾಕಷ್ಟು ಆಹಾರ ನೀರು ನೀಡದಿರುವುದು, ಹಾಗೂ ಹಸಿವು ಬಾಯಾರಿಕೆಯಿಂದ ನರಳುವಂತಹ ಪರಿಸ್ಥಿತಿಯಲ್ಲಿ ಸೂಕ್ತ ಕಾರಣವಿಲ್ಲದೆ ತೊರೆಯುವುದು ಅಪರಾಧವಾಗಿರುತ್ತದೆ.

9. ತಕ್ಷಣ ಪಶುವೈದ್ಯರನ್ನು ಕಾಣಬೇಕಾದ ಸಂದರ್ಭಗಳು

• ತಿಣುಕಿದರೂ ಮೂತ್ರ ಬಾರದಿರುವುದು. ವಿಶೇಷವಾಗಿ ಗಂಡು ನಾಯಿಗಳಲ್ಲಿ ಮೂತ್ರನಾಳದಲ್ಲಿ ಕಲ್ಲು ಸಿಲುಕಿರಬಹುದು. ಮರುದಿನದವರೆಗೆ ಕಾಯಬಾರದು.
• ಮೂತ್ರದಲ್ಲಿ ರಕ್ತ, ಅಥವಾ ಕಡು ಕಂದು ಬಣ್ಣದ ಮೂತ್ರ.
• ಕಣ್ಣು, ವಸಡು ಹಳದಿಯಾಗುವುದು.
• ರಕ್ತಮಿಶ್ರಿತ ಅಥವಾ ಡಾಂಬರಿನಂತಹ ಕಪ್ಪು ಮಲ, ನಿಲ್ಲದ ವಾಂತಿ.
• ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿ, ಬೆದೆಗೆ ಬಂದ ಕೆಲವು ವಾರಗಳ ನಂತರ ಅತಿಯಾಗಿ ನೀರು ಕುಡಿಯುವುದು, ಮಂಕಾಗುವುದು, ಯೋನಿಯಿಂದ ಕೀವು ಬರುವುದು. ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆ ಇದ್ದು, ಇದು ಪ್ರಾಣಾಪಾಯಕಾರಿ.
• ಹಿಂಗಾಲು ಎಳೆಯುವುದು, ಬಾಲ ಆಡಿಸಲಾಗದಿರುವುದು.
• ಗುಣವಾಗುತ್ತಿದ್ದ ನಾಯಿ ಮತ್ತೆ ಒಂದು ದಿನ ಪೂರ್ತಿ ಆಹಾರ ಬಿಡುವುದು.

10. ಪಶು ಆಸ್ಪತ್ರೆಗೆ ಬರುವಾಗ ತರಬೇಕಾದವು

ಅ) ಲಸಿಕೆ ಪುಸ್ತಕ ಮತ್ತು ಹಿಂದಿನ ಚಿಕಿತ್ಸೆಯ ಚೀಟಿಗಳು.
ಆ) ಪ್ರಸ್ತುತ ನೀಡುತ್ತಿರುವ ಎಲ್ಲಾ ಔಷಧಗಳು, ಅವುಗಳ ಪೊಟ್ಟಣ ಸಹಿತ.
ಇ) ಮಲಮೂತ್ರದ ವೇಳೆ ಹಾಗೂ ಕುಡಿದ ನೀರಿನ ಅಳತೆ ಬರೆದ ಪುಸ್ತಕ.
ಈ) ಸಾಧ್ಯವಾದಲ್ಲಿ ಬೆಳಗಿನ ಮೊದಲ ಮೂತ್ರದ ಮಾದರಿ. ಕೈಗವಸು ಧರಿಸಿ, ನಾಯಿ ವಿಸರ್ಜಿಸಲು ಆರಂಭಿಸಿದ ನಂತರ ಶುಚಿಯಾದ ಅಗಲ ಬಾಯಿಯ ಪಾತ್ರೆಯನ್ನು ಹಿಡಿದು ಸಂಗ್ರಹಿಸಿ, ಒಣಗಿದ ಶುಚಿಯಾದ ಬಾಟಲಿಗೆ ಹಾಕಿ, ಸಾಧ್ಯವಾದಷ್ಟು ಬೇಗ ತಲುಪಿಸಬೇಕು. ನೆಲದಿಂದ ತೆಗೆದ ಮಾದರಿ ಪರೀಕ್ಷೆಗೆ ಯೋಗ್ಯವಲ್ಲ. ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಸಾರ್ವಜನಿಕರು ತಮ್ಮ ಸಮೀಪದ ಪಶು ಚಿಕಿತ್ಸಾಲಯ ಅಥವಾ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಹೆಚ್ಚಿನ ತಪಾಸಣೆ ಅಗತ್ಯವಿದ್ದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ ಮತ್ತು ಹಾಸನದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಚಿಕಿತ್ಸಾಲಯಗಳಿಗೆ ಹೋಗಬಹುದಾಗಿರುತ್ತದೆ.

ಮಾಲೀಕರು ನೆನಪಿನಲ್ಲಿಡಬೇಕಾದ ಅಂಶಗಳು

ಕಾಯಿಲೆಯಿಂದ ಎದ್ದ ನಾಯಿ ಮನೆಯೊಳಗೆ ಮೂತ್ರ ವಿಸರ್ಜಿಸಿದರೆ ಮೊದಲು ಪರೀಕ್ಷೆ, ಅನಂತರ ಅಭ್ಯಾಸ. ನೀರು ನಿಲ್ಲಿಸಬಾರದು, ಔಷಧ ನಿಲ್ಲಿಸಬಾರದು, ಬರಿಗೈಯಲ್ಲಿ ಶುಚಿಗೊಳಿಸಬಾರದು, ಶಿಕ್ಷಿಸಬಾರದು. ಬಾಯಿಲ್ಲದ ಪ್ರಾಣಿಗೆ ತನ್ನ ತೊಂದರೆಯನ್ನು ಹೇಳಿಕೊಳ್ಳಲು ಬೇರೆ ಮಾರ್ಗವಿಲ್ಲ. ಒದ್ದೆಯಾದ ನೆಲವನ್ನು ಕಂಡಾಗ ಮಾಲೀಕರು ಕೋಪಗೊಳ್ಳದೆ ಅದರ ಪ್ರಮಾಣ, ಬಣ್ಣ ಮತ್ತು ವೇಳೆಯನ್ನು ಗಮನಿಸಿದಲ್ಲಿ, ಮರುಕಳಿಸುತ್ತಿರುವ ಕಾಯಿಲೆಯನ್ನು ಸಕಾಲದಲ್ಲಿ ಗುರುತಿಸಿ ನಾಯಿಯನ್ನು ಉಳಿಸಿಕೊಳ್ಳಲು ಸಾಧ್ಯವಾಗುತ್ತದೆ.